ಹವ್ಯಾಸಿ ರೇಡಿಯೋ ಪರೀಕ್ಷೆಯ ಮಾನದಂಡಗಳು

ಗೊರಗುಂಟೆಪಾಳ್ಯದ ಆಸುಪಾಸಿನ ನೆಲಕ್ಕೂ ರೇಡಿಯೋ ವಿದ್ಯೆಗೂ ಹಳೆಯ ನಂಟುಂಟು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ನೆಲೆಗೊಂಡುದು ಸಮೀಪದ ಜಾಲಹಳ್ಳಿಯಲ್ಲಿ. 1975ರ ಏಪ್ರಿಲ್ 19ರಂದು ಗಗನಕ್ಕೇರಿದ ಆರ್ಯಭಟ ಉಪಗ್ರಹ ಸಿದ್ಧವಾದುದು ಪೀಣ್ಯದ ಶೆಡ್ಡುಗಳಲ್ಲಿ. ಇಂತಹ ಪರಿಸರದಲ್ಲಿ ಬೆಳೆಯುವ ವಿದ್ಯಾರ್ಥಿಗಳು ಹವ್ಯಾಸಿ ರೇಡಿಯೋ ಎಂಬ ವಿದ್ಯೆಯನ್ನೂ, ಅದರ ಪರೀಕ್ಷೆ ಕಂಡ ಮಾರ್ಪಾಡುಗಳನ್ನೂ ಅರಿಯುವುದು ಉಚಿತ.

ಲಾಭದ ಆಸೆಯಿಲ್ಲದೆ, ತಮ್ಮದೇ ಪ್ರೇಷಕಯಂತ್ರದಿಂದ ದೂರದವರೊಡನೆ ಸಂಭಾಷಿಸುವವರು ಹವ್ಯಾಸಿಗಳು; ಲೋಕರೂಢಿಯಲ್ಲಿ ಹ್ಯಾಮ್‌ಗಳು. ಉಳಿದ ಹವ್ಯಾಸಗಳಿಗಿಲ್ಲದ ಪರೀಕ್ಷೆ ಇದಕ್ಕೇಕೆ? ರೇಡಿಯೋ ತರಂಗಗಳು ಹರಿಯುವ ಹಾದಿ ಎಲ್ಲರ ಸೊತ್ತು. ಒಬ್ಬನ ಅಜ್ಞಾನ ಮತ್ತೊಬ್ಬನ ತುರ್ತುಕರೆಯನ್ನೇ ಮುಳುಗಿಸಬಲ್ಲದು.

ಭಾರತದಲ್ಲಿ 1978ರ ನಿಯಮಗಳ ಪ್ರಕಾರ ಅಭ್ಯರ್ಥಿಯು ರೇಡಿಯೋ ಸಿದ್ಧಾಂತ, ಕಾನೂನು ಕಟ್ಟಳೆಗಳು ಇವುಗಳ ಲಿಖಿತ ಪರೀಕ್ಷೆಯ ಜೊತೆಗೆ ಮೋರ್ಸ್ ಸಂಕೇತಗಳನ್ನು ಕೇಳಿ ಬರೆಯಬೇಕಿತ್ತು, ಬಡಿದು ಕಳುಹಿಸಬೇಕಿತ್ತು. ಎರಡನೆಯ ಶ್ರೇಣಿಗೆ ನಿಮಿಷಕ್ಕೆ 5 ಪದ, ಮೊದಲನೆಯ ಹಾಗೂ ಉನ್ನತ ಶ್ರೇಣಿಗಳಿಗೆ 12 ಪದಗಳ ವೇಗ ವಿಧಿಸಲ್ಪಟ್ಟಿತ್ತು. ಮೋರ್ಸ್ ಅರಿಯದವರಿಗೆ ಪರಿಮಿತ ಅಧಿಕಾರದ ನಿರ್ಬಂಧಿತ ಶ್ರೇಣಿಯೂ ಏರ್ಪಟ್ಟಿತು.

ಛಂದಸ್ಸನ್ನು ಬಲ್ಲವರಿಗೆ ಮೋರ್ಸ್ ಅಪರಿಚಿತವೆನಿಸದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಲ್ಲಿ ಚುಕ್ಕೆಗೆ ಒಂದು ಮಾನ, ಗೆರೆಗೆ ಮೂರು. ಅಕ್ಷರಗಳ ನಡುವೆ ಮೂರು ಮಾನದ, ಪದಗಳ ನಡುವೆ ಏಳು ಮಾನದ ಮೌನ. ಪದವೊಂದಕ್ಕೆ ಐದು ಅಕ್ಷರವೆಂದರೆ, 12 ಪದಗಳ ವೇಗದಲ್ಲಿ ಕ್ಷಣಕ್ಕೊಂದು ಅಕ್ಷರ ಕಿವಿಗೆ ಬೀಳುತ್ತದೆ. ಎಣಿಸುತ್ತ ಕುಳಿತವನಿಗೆ ಅದು ದಕ್ಕದು. ಲಯ ಮೈಗೂಡಿದವನಿಗೆ ಮಾತ್ರ ದಕ್ಕುತ್ತದೆ.

2003ರಲ್ಲಿ ಜಿನೀವಾದಲ್ಲಿ ನೆರೆದ ವಿಶ್ವ ರೇಡಿಯೋ ಸಮ್ಮೇಳನವು ಮೋರ್ಸ್ ಪರೀಕ್ಷೆಯ ಕಡ್ಡಾಯವನ್ನು ಸಡಿಲಿಸಿ, ನಿರ್ಧಾರವನ್ನು ಆಯಾ ದೇಶಗಳಿಗೇ ಬಿಟ್ಟಿತು. ಅಮೆರಿಕ 2007ರಲ್ಲಿ ಅದನ್ನು ಪೂರ್ಣವಾಗಿ ಕೈಬಿಟ್ಟಿತು. ಭಾರತವು ಮಧ್ಯಮ ಮಾರ್ಗ ಹಿಡಿಯಿತು: 2009ರ ತಿದ್ದುಪಡಿ ನಿಯಮಗಳು ಹಲವು ಶ್ರೇಣಿಗಳನ್ನು ಸಾಮಾನ್ಯ, ನಿರ್ಬಂಧಿತ ಎಂಬ ಎರಡಕ್ಕೆ ಇಳಿಸಿ, ಸಾಮಾನ್ಯ ಶ್ರೇಣಿಗೆ 8 ಪದಗಳ ವೇಗವನ್ನು ನಿಗದಿಗೊಳಿಸಿದವು.

ಇದರಿಂದ ವಿದ್ಯೆಯ ಮಟ್ಟ ಕುಸಿಯಿತೆಂದು ಕೆಲವರು ಮರುಗುವುದುಂಟು. ಅವರ ಮಾತು ನಿರಾಧಾರವಲ್ಲ. ಧ್ವನಿ ತಲುಪದ ಕ್ಷೀಣ ತರಂಗದಲ್ಲಿಯೂ, ಅತಿ ಸರಳವಾದ ಯಂತ್ರದಿಂದಲೂ ಮೋರ್ಸ್ ದಾಟಿಹೋಗುತ್ತದೆ. ಆದರೆ ವಿದ್ಯುನ್ಮಾನದಲ್ಲಿ ನಿಪುಣರಾಗಿಯೂ ಈ ಒಂದು ಹೊಸ್ತಿಲಲ್ಲಿ ಎಡವಿದವರಿಗೆ ಬಾಗಿಲು ತೆರೆದುದೂ ನಿಜ. ನಿಜವಾದ ಕುಸಿತದ ಭಯವಿರುವುದು ಬೇರೆಡೆ. ಪ್ರಸ್ತಾರವನ್ನು ಬಾಯಿಪಾಠ ಮಾಡಿ ಪದ್ಯಕ್ಕೆ ಗಣ ಹಾಕಲಾರದವನಂತೆ, ಪ್ರಶ್ನೋತ್ತರಗಳನ್ನು ಉರುಹೊಡೆದು ತೇರ್ಗಡೆಯಾದವನು ತನ್ನ ಯಂತ್ರದ ದೋಷವನ್ನು ತಾನೇ ಗುರುತಿಸಲಾರ. 12 ಪದಗಳ ವೇಗವನ್ನು ಮರಳಿ ತಂದರೂ ಆ ಕೊರತೆ ತುಂಬದು.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳ ತಂಡವೊಂದು ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಅಂತಹ ಗಳಿಗೆಯಲ್ಲಿ ಪ್ರಮಾಣಪತ್ರದ ಶ್ರೇಣಿಯನ್ನು ಯಾರೂ ಕೇಳುವುದಿಲ್ಲ. ತಿಳಿವು, ತಾಳ್ಮೆ, ಸಾಮಾನ್ಯರ ಸೊತ್ತನ್ನು ಬಳಸುವ ಸಂಯಮ ಇವೇ ಕೆಲಸಕ್ಕೆ ಬರುತ್ತವೆ. ಪರೀಕ್ಷೆಯ ವೇಗವನ್ನು ಸರ್ಕಾರ ನಿರ್ಧರಿಸಬಹುದು. ಈ ಗುಣಗಳನ್ನು ಬೆಳೆಸುವ ಹೊಣೆ ಮಾತ್ರ ಶಾಲೆಯದು.