ತಮಟೆಯ ಸ್ಪೀಡು ಎಡಗೈಯಲ್ಲಿದೆ

ಹೊಸೂರು ಬೆಟ್ಟದ ಚಂದ್ರಚೂಡೇಶ್ವರನ ತೇರು ಹತ್ತಿರ ಬಂತೆಂದರೆ ನಮ್ಮ ಸೀಮೆಯ ಹುಡುಗರ ಕೈ ತುರಿಸತೊಡಗುತ್ತದೆ. ಕನ್ನಡದಲ್ಲಿ ತಮಟೆ, ತೆಲುಗಿನಲ್ಲಿ ಡಪ್ಪು, ತಮಿಳಿನಲ್ಲಿ ಪರೈ. ಹೆಸರು ಮೂರು, ಹುಡುಗರ ಹುಚ್ಚು ಮಾತ್ರ ಒಂದೇ: ಸ್ಪೀಡು. ಬಲಗೈ ಬೀಸಿ ಬೀಸಿ ಬಡಿಯುತ್ತಾರೆ, ಹತ್ತು ನಿಮಿಷಕ್ಕೆ ಮುಂಗೈ ಕಲ್ಲಾಗಿ ಕೂತುಬಿಡುತ್ತಾರೆ.

ಈ ನಡುವೆ ಅಂಥ ಒಬ್ಬ ಹುಡುಗ ನನ್ನ ಟೊಮೆಟೊ ತೋಟಕ್ಕೆ ಬಂದ. 'ಅಯ್ಯಾ, ನಮ್ಮ ತಾತ ನಿಮಗೆ ಕಲಿಸಿದ್ದನ್ನ ನಂಗೂ ಹೇಳಿಕೊಡಿ' ಅಂದ. ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು.

ಸುಮಾರು 1982ರ ಮಾತು. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ, ಆಗಿನ್ನೂ ನಾವು ಧರ್ಮಪುರಿಯವರು. ಊರಿನ ಹಬ್ಬಕ್ಕೂ ಸಾವಿಗೂ ತಮಟೆ ಬಡಿಯುತ್ತಿದ್ದ ಆ ತಾತ ನಮ್ಮ ಜಗಲಿ ಹತ್ತುವಂತಿರಲಿಲ್ಲ. ನಾನು ದನ ಮೇಯಿಸುವ ನೆಪದಲ್ಲಿ ಅವರ ಹತ್ತಿರ ಹೋಗಿ ಕಲಿಯುತ್ತಿದ್ದೆ. ಗೊತ್ತಾದ ದಿನ ನಮ್ಮಪ್ಪ ಹುಣಸೆ ಬರಲು ಮುರಿದರು. ನನಗೆ ಬಿದ್ದದ್ದು ನಾಲ್ಕೇ ಏಟು. ತಾತನಿಗೆ ಮಾತ್ರ ನಮ್ಮ ಕಣದಿಂದ ಹೋಗಬೇಕಾದ ಆ ವರ್ಷದ ರಾಗಿ ಹೋಗಲಿಲ್ಲ. ಅವರ ಮಗ ತಮಟೆ ಮುಟ್ಟದೇ ಹೋದದ್ದಕ್ಕೆ ಅದೂ ಒಂದು ಕಾರಣವೇ. ಸಾವಿಗೆ ಬಡಿಯೋದಿಲ್ಲ ಎಂದು ಕೆಳಗಿಟ್ಟವರು ತಮಿಳುನಾಡಿನಲ್ಲಿ ಬಹಳ ಮಂದಿ. ಅವರನ್ನು ತಪ್ಪು ಅನ್ನಲು ನನಗೆ ಬಾಯಿಲ್ಲ.

ತಾತನ ಮೊದಲ ಪಾಠ ತಮಟೆ ಮುಟ್ಟದೇ ಇರುವುದು. ಗೋಣಿತಾಟು ನಾಲ್ಕು ಮಡಿಕೆ ಮಾಡಿ ಬಂಡೆ ಮೇಲೆ ಹಾಸಿ, ಇದರ ಮೇಲೆ ಬಡಿ ಅಂದರು. ಊರಿಗೆ ಸದ್ದು ಕೇಳಬಾರದು ಅನ್ನೋದೂ ಇತ್ತು ಅನ್ನಿ. ಆದರೆ ಗೋಣಿ ಕೋಲನ್ನು ವಾಪಸು ಎಸೆಯುವುದಿಲ್ಲ, ಪ್ರತಿ ಪೆಟ್ಟಿಗೂ ಕೈಯೇ ಎತ್ತಿಕೊಳ್ಳಬೇಕು. ತಿಂಗಳಾದ ಮೇಲೆ ಕಾಸಿದ ತಮಟೆ ಕೈಗೆ ಬಂತು ನೋಡಿ, ಕೋಲು ತಾನೇ ನೆಗೆಯಿತು!

ಕಾಸುವುದನ್ನು ಹುಡುಗರು ಆಟ ಅಂದುಕೊಂಡಿದ್ದಾರೆ. ನಮ್ಮ ಹೊಸೂರಿನ ಥಂಡಿಗೆ ಚರ್ಮ ಬೇಗ ಮೆದುವಾಗುತ್ತದೆ. ಹುಲ್ಲುರಿಗೆ ಹಿಡಿದರೆ ತೇವ ಹೋಗಿ ಬಿಗಿಯುತ್ತದೆ, ಶ್ರುತಿ ಏರುತ್ತದೆ, ಕೋಲು ಪುಟಿಯುತ್ತದೆ. ಮೆದು ಚರ್ಮದ ಮೇಲೆ ಎಂಥಾ ಶೂರನೂ ಸ್ಪೀಡು ತೆಗೆಯಲಾರ. ಈಗಿನ ಫೈಬರ್ ತಮಟೆಗೆ ಈ ರಗಳೆಯಿಲ್ಲ, ಮಳೆಯಲ್ಲೂ ನುಡಿಯುತ್ತದೆ. ನನ್ನ ಕಿವಿಗೆ ಅದು ಬರೀ ತಗಡು.

ಇನ್ನು ಕೋಲು. ಬಲಗೈಗೆ ಗಿಡ್ಡ ದಪ್ಪ ಕೋಲು, ತೆಲುಗಿನಲ್ಲಿ ಸಿರ್ರ. ಎಡಗೈಗೆ ಉದ್ದನೆಯ ತೆಳು ಬಿದಿರು ಸೀಳು, ಚಿಟಿಕೆನ ಪುಲ್ಲ. ಎಡಗೈ ತಮಟೆಯ ಬಳೆಯನ್ನೂ ಹಿಡಿಯಬೇಕು, ಸೀಳನ್ನೂ ಆಡಿಸಬೇಕು. ಮಣಿಕಟ್ಟು ಬೀಸಲು ಜಾಗವೇ ಇಲ್ಲ, ಎಲ್ಲಾ ಬೆರಳಿನ ಕೆಲಸ. ಬಲಗೈ ಎಷ್ಟೇ ಓಡಲಿ, ಎಡಗೈ ನಿಂತ ಕಡೆ ನಿಮ್ಮ ಸ್ಪೀಡೂ ನಿಂತಿತು. ಜೋಡಿಯಲ್ಲಿ ಸೋಮಾರಿ ಎತ್ತಿನ ನಡೆಯೇ ನೇಗಿಲಿನ ನಡೆಯಾಗುವುದನ್ನು ರೈತರಿಗೆ ಬಿಡಿಸಿ ಹೇಳಬೇಕೇ?

'ತೊಂದರ ಪಡೊದ್ದುರಾ' ಅನ್ನುತ್ತಿದ್ದರು ತಾತ. ಕೋಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿ. ಮುಂಗೈ ನೋಯಿತೋ, ಬಿಗಿ ಹಿಡಿದಿದ್ದೀಯ, ನಿಲ್ಲಿಸು. ವೇಗ ಏರಿದಂತೆ ಕೋಲೆತ್ತುವ ಎತ್ತರ ಇಳಿಯಬೇಕು, ನಾಲ್ಕು ಬೆರಳಿನಷ್ಟು ಸಾಕು. 'ಜಗ್ಗಣಕ ಜಗ್ಗಣಕ' ಬಾಯಲ್ಲಿ ಬಿಡಿಬಿಡಿಯಾಗಿ ಬಾರದವನ ಕೈಯಲ್ಲಿ ಬರೋದಿಲ್ಲ. ಅಮೆರಿಕದ ಜಾರ್ಜ್ ಲಾರೆನ್ಸ್ ಸ್ಟೋನ್ 1935ರಲ್ಲಿ ಬರೆದ 'ಸ್ಟಿಕ್ ಕಂಟ್ರೋಲ್' ಎಂಬ ಪುಸ್ತಕವನ್ನು ಹುಡುಗ ಮೊಬೈಲಿನಲ್ಲಿ ತೋರಿಸಿದ. ಪುಟ ಪುಟಕ್ಕೂ ಬಲ, ಎಡ, ಬಲ, ಎಡ. ನಮ್ಮ ಗೋಣಿಪಾಠವೇ!

ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಇದೇ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಮಧುರೆಯ ವೇಲು ಆಸಾನ್ ಅವರಿಗೆ ಪರೈಗಾಗಿ 2025ರಲ್ಲಿ ಬಂತು. ಹುಡುಗನಿಗೆ ಧೈರ್ಯ ಬಂದದ್ದು ಅದರಿಂದಲೇ ಇರಬೇಕು.

ಮೊಬೈಲಿನಲ್ಲೇ ನಿಮಿಷಕ್ಕೆ 60 ಎಣಿಕೆ ಇಟ್ಟು, ಒಂದು ಎಣಿಕೆಗೆ ನಾಲ್ಕು ಪೆಟ್ಟಿನಂತೆ ಶುರು ಮಾಡಿಸಿದೆ. ಅಂದರೆ 240 ಪೆಟ್ಟು. ವಾರಕ್ಕೆ ಐದೈದು ಎಣಿಕೆ ಏರಿಸಿದೆವು. 90ಕ್ಕೆ ಎಡಗೈ ಮಸುಕಾಯಿತು. ಮುಖ ಸಪ್ಪೆ ಮಾಡಿಕೊಂಡ. ಮತ್ತೆ 70ಕ್ಕೆ ಇಳಿಸಿದೆ.

ಕೊನೆಗೆ ತಾತ ತೇರಿಗೆಂದೇ ಬಾರಿಸುತ್ತಿದ್ದ ಒಂದು ಗತ್ತು ಕೇಳಿದ. ಅರ್ಧ ಹೇಳಿದೆ, ಮುಂದಿನದು ನೆನಪಾಗಲಿಲ್ಲ. ಅವರಪ್ಪ ಫ್ಯಾಕ್ಟರಿ ಶಿಫ್ಟು ಮುಗಿಸಿ ಮಗನನ್ನು ಕರೆದೊಯ್ಯಲು ಬಂದು ಬೇಲಿ ಪಕ್ಕ ಬೈಕ್ ನಿಲ್ಲಿಸಿದ್ದ. ಅಲ್ಲಿಂದಲೇ ಉಳಿದರ್ಧವನ್ನು ಬಾಯಲ್ಲಿ ಹೇಳಿದ, ಒಂದಕ್ಷರ ತಪ್ಪದೆ. ಜಗಲಿಗೆ ಬಾ, ಕೂತ್ಕೋ ಅಂದೆ. 'ಹೊತ್ತಾಯ್ತಯ್ಯಾ' ಅಂದು ಮಗನನ್ನು ಹಿಂದೆ ಕೂರಿಸಿಕೊಂಡು ಹೊರಟ.