ಬಿಗಿದಷ್ಟೂ ಭದ್ರವೇ? ಶೂ ಲೇಸಿನ ತಪ್ಪು ಕಲ್ಪನೆಗಳು

ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಜನ ನಡೆದೇ ಬರುತ್ತಾರೆ. ಹರಕೆ ಹೊತ್ತವರದು ಬರಿಗಾಲು. ಶೂ ಹಾಕಿದ ಹುಡುಗರೂ ಇರುತ್ತಾರೆ. ದಾರಿಬದಿ ಪೆಂಡಾಲಿನಲ್ಲಿ ಶೂ ಕಳಚಿ ಕೂತವರ ಕಾಲು ನೋಡಿ: ಹಿಮ್ಮಡಿಯಲ್ಲಿ ನೀರುಗುಳ್ಳೆ, ಪಾದದ ಮೇಲೆ ಲೇಸು ಒತ್ತಿದ ಕೆಂಪು ಬರೆ. ಎಲ್ಲರೂ ಬೈಯುವುದು ಶೂವನ್ನು. ಎಷ್ಟೋ ಸಲ ತಪ್ಪಿರುವುದು ಲೇಸು ಕಟ್ಟಿದ ರೀತಿಯಲ್ಲಿ.

ಬುಡದಿಂದ ತುದಿಯವರೆಗೆ ಬಿಗಿದಷ್ಟೂ ಭದ್ರ ಎಂಬುದೇ ಮೊದಲ ತಪ್ಪು ಕಲ್ಪನೆ. ಲೇಸು ಗಟ್ಟಿಯಾಗಿ ಹಿಡಿಯಬೇಕಾದದ್ದು ಹಿಮ್ಮಡಿಯನ್ನು. ನಡೆದಂತೆಲ್ಲ ಪಾದ ಊದುತ್ತದೆ, ಬೆರಳಿಗೆ ಆಡಲು ಜಾಗ ಬೇಕು. ಪಾದದ ಮೇಲೆ ಚರ್ಮದ ಕೆಳಗೇ ನರಗಳಿವೆ. ಅಲ್ಲಿ ಬಿಗಿದರೆ ಬೆರಳು ಜೋಮು ಹಿಡಿಯುತ್ತದೆ. ಒತ್ತುವ ಕಡೆ ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯ ಮೇಲಿನ ತೂತಿಗೆ ನೆಟ್ಟಗೆ ಏರಿಸಿದರೆ ನೋವು ಇಳಿಯುತ್ತದೆ.

ಬೆರಳು ನೊಂದರೆ ಶೂ ಚಿಕ್ಕದೆಂದೇ ಅರ್ಥ ಎಂಬುದು ಎರಡನೆಯದು. ಉಚ್ಚಂಗಿದುರ್ಗದ ಬೆಟ್ಟ ಇಳಿದ ದಿನ ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಶೂ ಚಿಕ್ಕದಾಯಿತೆಂದು ಒಂದು ಸೈಜ್ ದೊಡ್ಡದು ತಂದೆ. ಮುಂದಿನ ಸಲ ನೋವು ಇನ್ನೂ ಹೆಚ್ಚಾಯಿತು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳು ಗುದ್ದುತ್ತಿತ್ತು. ಸಡಿಲ ಶೂನಲ್ಲಿ ಜಾರುವುದೂ ಜಾಸ್ತಿ.

ಇದಕ್ಕೆ ಮದ್ದು ಎಷ್ಟೋ ಶೂಗಳಲ್ಲೇ ಇದೆ. ಮೇಲ್ತುದಿಯಲ್ಲಿ, ಸಾಲಿನಿಂದ ತುಸು ಹಿಂದಕ್ಕೆ, ಖಾಲಿ ಬಿಡುವ ಒಂದು ತೂತಿರುತ್ತದಲ್ಲ, ಅದು. ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಲೇಸನ್ನು ಅದೇ ಬದಿಯ ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿದರೆ ಸಣ್ಣ ಕುಣಿಕೆ ಉಳಿಯುತ್ತದೆ. ಎರಡೂ ಕಡೆ ಹೀಗೆ ಮಾಡಿ, ಎಡದ ಲೇಸನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದ್ದರಲ್ಲಿ ತೂರಿಸಿ, ಕೆಳಕ್ಕೆ ಜಗ್ಗಿ ಗಂಟು ಹಾಕಿ. ಹಿಮ್ಮಡಿ ಎದ್ದು ಉಜ್ಜುವುದು, ಬೆರಳು ಗುದ್ದುವುದು ಎರಡೂ ತಗ್ಗುತ್ತವೆ.

ಕೊಕ್ಕೆಯಿರುವ ಎತ್ತರದ ಬೂಟಾದರೆ, ಪಾದ ಮಡಚುವ ಜಾಗದಲ್ಲಿ ಎರಡೂ ಲೇಸನ್ನು ಎರಡು ಸುತ್ತು ಹೊಸೆದು ಬಿಗಿಯಿರಿ. ಕೆಳಗಿನ ಸಡಿಲ ಕೆಳಗೆ, ಮೇಲಿನ ಬಿಗಿ ಮೇಲೆ ನಿಲ್ಲುತ್ತದೆ.

ಲೇಸು ನುಣುಪಾದ್ದರಿಂದಲೇ ಬಿಚ್ಚಿಕೊಳ್ಳುತ್ತದೆ ಎನ್ನುವವರಿದ್ದಾರೆ. ನುಣುಪೂ ಒಂದು ಕಾರಣವೇ. ಆದರೆ ಹೆಜ್ಜೆ ನೆಲಕ್ಕೆ ಬಡಿದಾಗ ಗಂಟು ಸಡಿಲವಾಗುತ್ತದೆ, ಬೀಸಾಡುವ ತುದಿಗಳು ಅದನ್ನು ಎಳೆದು ಬಿಚ್ಚುತ್ತವೆ ಎಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದರು. ಗಂಟಿನಲ್ಲೂ ಗಟ್ಟಿ, ಪೊಳ್ಳು ಎರಡಿವೆ. ಎತ್ತಿಗೆ ಕಣ್ಣಿ ಕಟ್ಟುವ ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ಕಟ್ಟಿದ ಕುಣಿಕೆಗಳು ಶೂಗೆ ಅಡ್ಡಲಾಗಿ ಮಲಗಿದರೆ ಗಟ್ಟಿ. ಬೆರಳಿನತ್ತ, ಕಾಲಿನತ್ತ ಉದ್ದಕ್ಕೆ ತಿರುಗಿದರೆ ಪೊಳ್ಳು. ಹಾಗೆ ತಿರುಗಿದರೆ ಗಂಟಿನ ಮೊದಲ ಸುತ್ತನ್ನು ಉಲ್ಟಾ ಹಾಕಿ ನೋಡಿ.

ಬೆಳಿಗ್ಗೆ ಕಟ್ಟಿದ್ದು ಸಂಜೆವರೆಗೆ ಸಾಕು ಎಂಬುದೂ ಸುಳ್ಳು. ಗುಡೇಕೋಟೆಯ ಬಂಡೆ ಹತ್ತುವಾಗ ಹರಡಿನ ಹತ್ತಿರ ಸಡಿಲ ಬಿಡಿ, ಇಳಿಯುವ ಮೊದಲು ಕೂತು ಬಿಗಿ ಮಾಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಲೇಸು ಒತ್ತುವುದು ಗೊತ್ತೇ ಆಗುವುದಿಲ್ಲ. ಅಂಥ ಹಿರಿಯರು ಜೊತೆಗಿದ್ದರೆ, ಕೂತಲ್ಲೆಲ್ಲ ಅವರ ಶೂ ಬಿಚ್ಚಿಸಿ ಪಾದ ನೋಡಿ.