ಚರೆ ಬಿದ್ದ ಹಕ್ಕಿ ಅಡುಗೆಗೆ ಎಷ್ಟು ಯೋಗ್ಯ?

ನಿಟ್ಟೆ (ಕಾರ್ಕಳ): ಸಾರಿನಲ್ಲಿ ಬೆಂದ ಕಾಡುಕೋಳಿಯ ತುಂಡನ್ನು ಕಚ್ಚಿದಾಗ ಹಲ್ಲಿಗೆ ಸೀಸದ ಚರೆ ತಾಗುವುದು ಹಿಂದೆ ಕರಾವಳಿಯ ಶಿಕಾರಿ ಮನೆಗಳಲ್ಲಿ ಹೊಸ ಸಂಗತಿಯಾಗಿರಲಿಲ್ಲ. 1991ರ ತಿದ್ದುಪಡಿಯವರೆಗೂ ಪರವಾನಗಿ ಪಡೆದು ಕೆಲವು ಪ್ರಾಣಿ, ಪಕ್ಷಿಗಳನ್ನು ಬೇಟೆಯಾಡಲು ಕಾನೂನಿನಲ್ಲಿ ಅವಕಾಶವಿತ್ತು. ಈಗ ಅದಿಲ್ಲ. ಆದರೂ ‘ಕಾಡಿನ ಮಾಂಸಕ್ಕೆ ರುಚಿ ಹೆಚ್ಚು, ಆರೋಗ್ಯಕ್ಕೂ ಒಳ್ಳೆಯದು’ ಎಂಬ ನಂಬಿಕೆ ಉಳಿದಿದೆ. ಈಡು ಬಿದ್ದ ಹಕ್ಕಿಯ ಮಾಂಸಕ್ಕೆ ವಾಸ್ತವವಾಗಿ ಏನಾಗುತ್ತದೆ?

ಗಾಯದ ಪರಿಣಾಮ

ತೋಟೆಯಿಂದ ಹೊರಟ ಚರೆಗಳು ಚದುರಿಕೊಂಡು ಸಾಗುತ್ತವೆ. ತಲೆ, ಕುತ್ತಿಗೆಗೆ ತಗುಲಿದರೆ ಮಾಂಸ ಹಾಳಾಗುವುದು ಕಡಿಮೆ. ಎದೆಗೆ ಬಿದ್ದರೆ ರಕ್ತ ಹೆಪ್ಪುಗಟ್ಟಿ, ಗರಿಯ ಚೂರುಗಳು ಮಾಂಸದೊಳಗೆ ಸೇರುತ್ತವೆ. ಹೊಟ್ಟೆಗೆ ಬಿದ್ದರೆ ಕರುಳು ಒಡೆದು, ಅದರಲ್ಲಿರುವ ರೋಗಾಣುಗಳು ಮಾಂಸಕ್ಕೆ ಹರಡುತ್ತವೆ. ಕತ್ತು ಕೊಯ್ದ ಕೋಳಿಯಂತೆ ಇಲ್ಲಿ ರಕ್ತ ಪೂರ್ತಿಯಾಗಿ ಬಸಿದು ಹೋಗುವುದಿಲ್ಲ. ಹೀಗಾಗಿ ಮಾಂಸ ಕಪ್ಪಾಗಿ, ಬೇಗ ಕೆಡುತ್ತದೆ.

ಗಾಯಗೊಂಡು ಓಡಿದ ಹಕ್ಕಿಯದು ಇನ್ನೊಂದು ಸಮಸ್ಯೆ. ಸ್ನಾಯುವಿನಲ್ಲಿರುವ ಗ್ಲೈಕೋಜೆನ್ ಓಟದಲ್ಲಿಯೇ ಖರ್ಚಾಗುತ್ತದೆ. ಸತ್ತ ನಂತರ ಅದರಿಂದ ಉಂಟಾಗಬೇಕಾದ, ಮಾಂಸ ಕೆಡದಂತೆ ತಡೆಯುವ ಸಹಜ ಹುಳಿ ಅಂಶ ಸಾಕಷ್ಟು ಉತ್ಪತ್ತಿಯಾಗುವುದಿಲ್ಲ.

ಹುಡುಕುವ ವಿಳಂಬ

ಹಾಡಿಯ ಪೊದೆಗಳಲ್ಲಿ ಬಿದ್ದ ಹಕ್ಕಿಯನ್ನು ಹುಡುಕಲು ಸಮಯ ಬೇಕು. ನಾಯಿ ತಂದರೂ ಅದು ಬಿಗಿಯಾಗಿ ಕಚ್ಚಿದರೆ ಪಕ್ಕೆಲುಬು ಮುರಿದು ಮಾಂಸ ಜಜ್ಜಿ ಹೋಗುತ್ತದೆ. ಅಷ್ಟರಲ್ಲಿ ಗರಿಗಳ ಹೊದಿಕೆಯೊಳಗೆ ದೇಹದ ಶಾಖ ಆರದೆ ಉಳಿಯುತ್ತದೆ. ಯುರೋಪಿನ ಚಳಿಯಲ್ಲಿ ಬೇಟೆಯ ಹಕ್ಕಿಯನ್ನು ಕೆಲವು ದಿನ ತೂಗುಹಾಕಿ ಹದಗೊಳಿಸುವ ಪದ್ಧತಿಯಿದೆ. 30 ಡಿಗ್ರಿ ದಾಟುವ ನಮ್ಮ ಕರಾವಳಿಯಲ್ಲಿ ಹಾಗೆ ಮಾಡಿದರೆ ಮಾಂಸ ಹದವಾಗುವುದಿಲ್ಲ, ಕೊಳೆಯುತ್ತದೆ.

ಕಣ್ಣಿಗೆ ಕಾಣದ ಸೀಸ

ಎಲ್ಲಕ್ಕಿಂತ ಗಂಭೀರವಾದುದು ಸೀಸ. ಚರೆಯನ್ನು ಹೆಕ್ಕಿ ತೆಗೆದರೂ ಅದರ ಸೂಕ್ಷ್ಮ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ. ಹುಳಿ ಹಾಕಿ ಬೇಯಿಸಿದರೆ ಸೀಸ ಇನ್ನಷ್ಟು ಕರಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಮಾರಕ. ಸುರಕ್ಷಿತ ಎನ್ನಬಹುದಾದ ಸೀಸದ ಪ್ರಮಾಣ ಯಾವುದೂ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಬಳಸುವುದನ್ನು ಅಮೆರಿಕ 1991ರಲ್ಲಿಯೇ ದೇಶದಾದ್ಯಂತ ನಿಷೇಧಿಸಿತು.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಕೋಳಿಯನ್ನು ಕೊಲ್ಲುವುದಷ್ಟೇ ಅಲ್ಲ, ಬಲೆಗೆ ಕೆಡಹುವುದು, ಅದಕ್ಕೆ ಯತ್ನಿಸುವುದೂ ಬೇಟೆಯೇ. ನವಿಲನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲುಶಿಕ್ಷೆ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಬೇಟೆಗೆ ಅನುಮತಿಯಲ್ಲ.

ಶಿಕಾರಿಯ ಕಾಲ ಮುಗಿದರೂ ಅದರ ಪಾಠ ಇಂದಿನ ಗ್ರಾಹಕನಿಗೆ ಪ್ರಯೋಜನಕ್ಕೆ ಬರುತ್ತದೆ. ಊರಕೋಳಿಯಾಗಲಿ, ಸಾಕಣೆಯ ಜಪಾನಿ ಗೌಜಲಹಕ್ಕಿಯಾಗಲಿ, ಬೆದರಿಸದೆ ಕೊಯ್ದು, ರಕ್ತ ಪೂರ್ತಿ ಬಸಿದು, ತಡಮಾಡದೆ ಕರುಳು ತೆಗೆದು ತಂಪಿನಲ್ಲಿರಿಸಿದ ಮಾಂಸವೇ ಒಳ್ಳೆಯದು. ರುಚಿಯ ಗುಟ್ಟು ಕಾಡಿನಲ್ಲಿಲ್ಲ, ಈ ಜಾಗ್ರತೆಯಲ್ಲಿದೆ.